ಲೀಲಾವತಿಯವರು ಕಟ್ಟಿದ ಆಸ್ಪತ್ರೆ

ಕನ್ನಡ ಚಿತ್ರರಂಗದ ಹಿರಿಯ ನಟಿ ಲೀಲಾವತಿಯವರು 2023ರ ಡಿಸೆಂಬರ್ 8ರಂದು ತೀರಿಕೊಂಡಾಗ ಮಂತ್ರಿಮಹೋದಯರು ಹಾರ ಹಾಕಿದರು. ಸರಕಾರಿ ಗೌರವವೂ ಸಂದಿತು. ಅದು ನ್ಯಾಯವೇ. ಆದರೆ ಹಾರ ಬಾಡಿದ ಮೇಲೂ ಉಳಿಯುವ ಪ್ರಶ್ನೆಯೊಂದಿದೆ. ಅದನ್ನು ದುಡಿಯುವ ಜನರ ಮುಂದಿಡುವುದು ನಮ್ಮ ಕರ್ತವ್ಯವೆಂದು ನಾವು ತಿಳಿದಿದ್ದೇವೆ.

ಲೀಲಾವತಿಯವರು ನಮಗೆ ದೂರದವರಲ್ಲ. ಬೆಳಗೋಡಿನಿಂದ ಸಕಲೇಶಪುರಕ್ಕೆ ಬಂದು ಶಿರಾಡಿ ಘಟ್ಟ ಇಳಿದರೆ ಸಿಗುವ ಸೀಮೆಯವರು, ಹುಟ್ಟೂರು ಬೆಳ್ತಂಗಡಿ. ಆ ಸೀಮೆಯಿಂದ ಘಟ್ಟ ಹತ್ತಿ ಬಂದು ನಮ್ಮ ಕಾಫಿ ತೋಟಗಳಲ್ಲಿ ಬೆನ್ನು ಬಗ್ಗಿಸಿದ ಬಡವರು ಎಷ್ಟೋ ಮಂದಿ. ಲೀಲಾವತಿಯವರೂ ಎಳವೆಯಲ್ಲೇ ಹೆತ್ತವರನ್ನು ಕಳೆದುಕೊಂಡು ಮೈಸೂರು ಸೇರಿದರು. ಹೊಟ್ಟೆಪಾಡಿಗೆ ಅವರಿವರ ಮನೆಗೆಲಸ ಮಾಡಿದರು. ಮಹಾಲಿಂಗ ಭಾಗವತರ ನಾಟಕ ಮಂಡಳಿಯಲ್ಲಿ ಬಣ್ಣ ಹಚ್ಚಿದರು. 1949ರ ‘ನಾಗಕನ್ನಿಕಾ’ ಚಿತ್ರದಲ್ಲಿ ಸಿಕ್ಕಿದ್ದು ಒಂದು ಸಣ್ಣ ಪಾತ್ರ. ನಾಯಕಿಯಾಗಲು 1958ರ ‘ಮಾಂಗಲ್ಯ ಯೋಗ’ದವರೆಗೆ ಕಾಯಬೇಕಾಯಿತು. 1960ರ ‘ರಾಣಿ ಹೊನ್ನಮ್ಮ’ದಲ್ಲಿ ರಾಜಕುಮಾರರಿಗೆ ಜೊತೆಯಾದ ಮೇಲೆ ಅವರ ಹೆಸರು ಮನೆಮಾತಾಯಿತು.

ಚಿತ್ರರಂಗವೂ ಒಂದು ಕಾರ್ಖಾನೆಯೇ. ಅಲ್ಲಿ ನಾಯಕನಿಗೆ ಐವತ್ತಾದರೂ ಅವನು ನಾಯಕ. ನಾಯಕಿಗೆ ಮೂವತ್ತು ದಾಟಿದರೆ ತಾಯಿಯ ಪಾತ್ರ. ಲೀಲಾವತಿಯವರು ಅಳುಕಲಿಲ್ಲ. ಪುಟ್ಟಣ್ಣ ಕಣಗಾಲರ ‘ಗೆಜ್ಜೆ ಪೂಜೆ’ಯಲ್ಲಿ, ಸಮಾಜ ಮೂಲೆಗೊತ್ತಿದ ಹೆಣ್ಣಾಗಿ ಮಗಳ ಬಾಳಿಗೆ ಮರುಗುವ ತಾಯಿಯನ್ನು ಅವರು ಕಣ್ಣಮುಂದೆ ನಿಲ್ಲಿಸಿದರು. ಹೀಗೆ 600ಕ್ಕೂ ಹೆಚ್ಚು ಚಿತ್ರಗಳಲ್ಲಿ ದುಡಿದರು. 1999ರ ಸಾಲಿನ ಡಾ. ರಾಜಕುಮಾರ್ ಪ್ರಶಸ್ತಿಯೂ ಬಂತು.

ಹೀಗೆ ಗಳಿಸಿದ ಹಣದಲ್ಲಿ ಅವರು ನೆಲಮಂಗಲ ತಾಲೂಕಿನ ಸೋಲದೇವನಹಳ್ಳಿಯಲ್ಲಿ ಭೂಮಿ ಉತ್ತರು. ಹಳ್ಳಿಯವರಿಗೆ ಆಸ್ಪತ್ರೆ ಕಟ್ಟಿಸಿಕೊಟ್ಟರು. ಬದುಕಿನ ಕೊನೆಯ ದಿನಗಳಲ್ಲಿ ದನಕರುಗಳಿಗೂ ಒಂದು ಆಸ್ಪತ್ರೆ ಆಯಿತು. ಕೂಲಿಯ ಕಷ್ಟ ಉಂಡವರಿಗೆ ಬೇನೆಯ ಬೆಲೆ ಗೊತ್ತು.

ನಮ್ಮ ಪ್ರಶ್ನೆ ಇದು: ಮುಪ್ಪಿನ ನಟಿಯೊಬ್ಬರು ಕೈಯಿಂದ ಹಾಕಿ ಮಾಡಬೇಕಾದ ಕೆಲಸವೇ ಇದು? ಜನರ ಆರೋಗ್ಯ ಉತ್ತಮಪಡಿಸುವುದು ಸರಕಾರದ ಮೊದಲ ಕರ್ತವ್ಯಗಳಲ್ಲೊಂದೆಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ. ಬಯಲುಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂದು ಸರಕಾರವೇ ಮಾಡಿದ ಲೆಕ್ಕವಿದೆ. ದಾನಿಗಳು ಹುಟ್ಟಿದ ಊರಿಗೆ ಆಸ್ಪತ್ರೆ, ಹುಟ್ಟದ ಊರಿಗೆ ಹಣೆಬರಹ ಎಂಬುದು ಪ್ರಜಾಪ್ರಭುತ್ವವಲ್ಲ. ಜಡಿಮಳೆಯ ರಾತ್ರಿ ತೋಟದ ಲೈನಿನಲ್ಲಿ ಹೆರಿಗೆ ನೋವು ತಿನ್ನುವ ಹೆಣ್ಣುಮಗಳಿಗೆ ಬೇಕಾದದ್ದು ವೈದ್ಯರು, ದಾದಿ, ಔಷಧಿ.

ಇನ್ನೊಂದು ಮಾತು. ತೆರೆಯ ಹಿಂದೆ ದೀಪ ಹಿಡಿಯುವವರು, ಬಟ್ಟೆ ಹೊಲಿಯುವವರು, ಗುಂಪಿನಲ್ಲಿ ನಿಲ್ಲುವವರು ಕೂಡ ಕೂಲಿಕಾರರೇ. ಟಿಕೇಟಿನ ಮೇಲೆ ಕರ ಹಾಕಿ ಇಂಥವರ ಕ್ಷೇಮಕ್ಕೆ ನಿಧಿ ಕೂಡಿಸುವ ಮಸೂದೆಯನ್ನು ನಮ್ಮ ಶಾಸನಸಭೆ 2024ರಲ್ಲಿ ಅಂಗೀಕರಿಸಿತು. ಆ ಹಣ ಧಣಿಗಳ ಸಮಾರಂಭಗಳಿಗೆ ಸೋರದೆ ದುಡಿದವರ ಕೈ ಸೇರಬೇಕು.

ಗಿರಣಿಯ ಸಂಗಾತಿಗಳೇ, ಅಂಗಡಿಯ ಬಂಧುಗಳೇ, ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿರಿ. ನಮ್ಮ ಹೋಬಳಿಯ ಆಸ್ಪತ್ರೆಯಲ್ಲಿ ರಾತ್ರಿ ಯಾರಿರುತ್ತಾರೆ, ಯಾವ ಔಷಧಿ ಇರುತ್ತದೆ ಎಂದು ಕೇಳಿರಿ. ಉತ್ತರವನ್ನು ಬರಹದಲ್ಲಿ ಪಡೆಯಿರಿ. ಲೀಲಾವತಿಯವರು ತಮ್ಮ ಪಾಲಿನ ಕೆಲಸ ಮಾಡಿ ಹೋದರು. ಸರಕಾರದ ಪಾಲಿನದನ್ನು ಮಾಡಿಸುವುದು ನಮ್ಮ ಪಾಲಿಗೆ ಬಂದಿದೆ.