ಗ್ರೇಸ್

ಮಕ್ಕಳೇ, ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ಮುದುಕನಾದವನು ನಾನು. ಹಳೆಯ ಲೆಕ್ಕ ಸಿಕ್ಕರೆ, ಅದರಲ್ಲಿ ಏನು ಬಿಟ್ಟುಹೋಗಿದೆ ಎಂದು ಹುಡುಕುವ ಚಾಳಿ ಇನ್ನೂ ಹೋಗಿಲ್ಲ.

ಇಂಗ್ಲೆಂಡಿನ ಈಶಾನ್ಯ ಕಡಲಲ್ಲಿ ಲಾಂಗ್‌ಸ್ಟೋನ್ ಎಂಬ ಬೋಳು ಬಂಡೆಯ ಪುಟ್ಟ ದ್ವೀಪವಿದೆ. ಅಲ್ಲಿ 1826ರಲ್ಲಿ ಬೆಳಗಿದ ದೀಪಸ್ತಂಭ ಇಂದಿಗೂ ನಿಂತಿದೆ. ಆಗ ಅದನ್ನು ನೋಡಿಕೊಳ್ಳುತ್ತಿದ್ದವರು ವಿಲಿಯಂ ಡಾರ್ಲಿಂಗ್. ಅವರ ಮಗಳು ಗ್ರೇಸ್.

1838ರ ಸೆಪ್ಟೆಂಬರ್ 7ರ ನಸುಕಿನಲ್ಲಿ, ಬಿರುಗಾಳಿಗೆ ಸಿಕ್ಕ ಫೋರ್ಫಾರ್‌ಷೈರ್ ಎಂಬ ಹಡಗು ಹತ್ತಿರದ ಬಂಡೆಗೆ ಬಡಿದು ಮುರಿಯಿತು. ಕಿಟಕಿಯಿಂದ ಮೊದಲು ಕಂಡವಳು ಗ್ರೇಸ್. ಅವಳಿಗಾಗ 22 ವರ್ಷ. ಅಪ್ಪ, ಮಗಳು ಇಬ್ಬರೇ ದೋಣಿಯಲ್ಲಿ ಹುಟ್ಟು ಹಾಕಿದರು. ಚಿತ್ರಗಳಲ್ಲಿ ಬರೆಯುವುದು ಅದನ್ನೇ. ನನಗೆ ಮೈ ಜುಮ್ಮೆನ್ನುವುದು ಆಮೇಲಿನ ಗಳಿಗೆ: ಅಪ್ಪ ಬಂಡೆಗೆ ಜಿಗಿದರು, ದೋಣಿ ಕಲ್ಲಿಗೆ ಅಪ್ಪಳಿಸದಂತೆ ಆ ಅಲೆಗಳಲ್ಲಿ ಅವಳೊಬ್ಬಳೇ ಹುಟ್ಟು ಹಿಡಿದು ತಡೆದಳು.

ಬಂಡೆಯ ಮೇಲೆ ಒಂಬತ್ತು ಜನ ಬದುಕಿದ್ದರು. ಅವರಲ್ಲೊಬ್ಬ ತಾಯಿ, ಅವಳ ತೋಳಿನಲ್ಲೇ ಎರಡು ಮಕ್ಕಳು ಪ್ರಾಣ ಬಿಟ್ಟಿದ್ದವು. ಮೊದಲ ಸಲ ಐವರನ್ನು ಕರೆತಂದರು. ಗ್ರೇಸ್ ಅವರ ಆರೈಕೆಗೆ ನಿಂತಳು. ಬದುಕಿ ಬಂದ ನಾವಿಕರಿಬ್ಬರೇ ಅಪ್ಪನ ಜೊತೆ ಮತ್ತೆ ಹೋಗಿ ಉಳಿದ ನಾಲ್ವರನ್ನು ತಂದರು.

ಇನ್ನು ಆ ದಿನದ ಬಗ್ಗೆ ಅಪ್ಪ ದಿನಚರಿಯಲ್ಲಿ ಬರೆದಿಟ್ಟದ್ದು ಕೆಲವೇ ಸಾಲು. ಒಂಬತ್ತು ಜನರನ್ನು ಡಾರ್ಲಿಂಗರು ಉಳಿಸಿದರಂತೆ, ಅಷ್ಟೇ. ಹಡಗಿನಲ್ಲಿದ್ದ ಬಟ್ಟೆ, ಸೋಪಿನ ಪಟ್ಟಿಯೂ ಇದೆ. ಮಗಳ ಹೆಸರಿಲ್ಲ!

"ಏನು ತಾತ, ಸೋಪಿಗೆ ಜಾಗ ಇತ್ತಾ?" ಎಂದು ನನ್ನ ಮೊಮ್ಮಗಳು ರೇಗಿದಳು. ಪೆನ್ನು ಕಿತ್ತುಕೊಂಡು ಈ ಬರಹಕ್ಕೆ ಹೆಸರಿಟ್ಟವಳೂ ಅವಳೇ.