ಕಬ್ಬಿನ ಸವಿಯೂ ಕಾಲುವೆಯ ನೀರೂ

ಕಳೆದ ಸಂಕ್ರಾಂತಿಗೆ ಬಂದ ಅಚ್ಚುಬೆಲ್ಲವು ಆಷಾಢ ಕಾಲಿಡುವಷ್ಟರಲ್ಲಿ ಡಬ್ಬದಲ್ಲಿಯೇ ನೀರೊಡೆದು ಮುದ್ದೆಯಾಯಿತು. ಅಂಗಡಿಯವನನ್ನು ಆಕ್ಷೇಪಿಸೋಣವೆಂದರೆ, ಅದು ಮಂಡ್ಯದ ಬಳಿ ಬೇಸಾಯ ಮಾಡುತ್ತಿರುವ ನಮ್ಮ ತಮ್ಮನ ಗದ್ದೆಯ ಕಬ್ಬಿನದೇ. ಕಾರಣವನ್ನರಿಯಲು ನಾವೇ ಅಲ್ಲಿಗೆ ಹೋದೆವು. ಗದ್ದೆಯಲ್ಲಿ ನೀರು ನಿಂತಿದ್ದಿತು. ಬದುವಿನ ಮಗ್ಗುಲಲ್ಲಿ ಚೌಳು ಬೆಳ್ಳಗೆ ಕಾಣುತ್ತಿದ್ದಿತು.

ಮಂಡ್ಯವು ಸ್ವಭಾವತಃ ಮಳೆ ಕಡಿಮೆಯಾದ ಸೀಮೆ. ವರ್ಷಕ್ಕೆ ಬೀಳುವುದು ಸುಮಾರು 700 ಮಿಲಿಮೀಟರ್. ಕಬ್ಬಿಗಾದರೋ 1500ರಿಂದ 2500 ಮಿಲಿಮೀಟರ್ ನೀರು ಬೇಕು. ಈ ಕೊರತೆಯನ್ನು ತುಂಬಿದವಳು ಕಾವೇರಿ. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾಯಿತು. ಆ ನೀರನ್ನು ನೆಚ್ಚಿ 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾಯಿತು. ರಾಗಿ ಬೆಳೆಯುತ್ತಿದ್ದ ಹೊಲಗಳು ಕಬ್ಬಿನ ಗದ್ದೆಗಳಾದವು.

ಆದರೆ ವಾಚಕರು ಒಂದನ್ನು ಗಮನಿಸಬೇಕು. ನೀರೂ ಸೆಕೆಯೂ ಸೇರಿ ಜಲ್ಲೆಯನ್ನು ನೀಳವಾಗಿ ಬೆಳೆಸುವುವು. ಅದರಲ್ಲಿ ಸಕ್ಕರೆ ಶೇಖರವಾಗುವುದು ಬೆಳವಣಿಗೆ ಕುಗ್ಗಿದ ಮೇಲೆಯೇ. ತಂಪಾದ ರಾತ್ರಿ, ನಿರ್ಮಲವಾದ ಬಿಸಿಲು, ಒಣಹವೆ, ಇವು ಮಾಗುವಿಕೆಗೆ ಅನುಕೂಲ. ಆದುದರಿಂದಲೇ ಕಟಾವಿಗೆ ಕೆಲವು ವಾರ ಮುಂಚೆ ನೀರನ್ನು ನಿಲ್ಲಿಸುವರು. ಮಳೆಯ ನಾಡಿನಲ್ಲಿ ಮೋಡವನ್ನು ತಡೆಯುವರಾರು? ಒಣಸೀಮೆಯ ರೈತನಾದರೋ ತೂಬನ್ನು ಮುಚ್ಚಬಲ್ಲನು. ಇದೇ ಅವನ ಭಾಗ್ಯ. ಅದನ್ನು ಮರೆತು ನೀರುಣಿಸುತ್ತಲೇ ಹೋದರೆ ಕಬ್ಬು ಬಲಿಯದು; ಬಸಿಯದ ನೀರು ಆರುತ್ತ ನೆಲದೊಳಗಣ ಲವಣವನ್ನು ಮೇಲಕ್ಕೆ ತರುವುದು. ಅಂತಹ ಕಬ್ಬಿನ ಬೆಲ್ಲವು ಮಳೆಗಾಲದ ತೇವವನ್ನು ಹೀರಿ ಕರಗುವುದು.

ಇದನ್ನು ಹೇಳಿದಾಗ ತಮ್ಮನು, “ಅಣ್ಣಾ, ಸರದಿ ತಪ್ಪಿದರೆ ಮತ್ತೆ ನೀರು ಯಾವಾಗಲೋ! ಬಂದಾಗ ಹರಿಸಿಕೊಳ್ಳಬೇಡವೆ?” ಎಂದನು. 2023ರಲ್ಲಿ ಮಳೆ ತಪ್ಪಿ ಕಟ್ಟೆ ತುಂಬದೆ ಹೋದುದನ್ನು ಕಂಡವನಿಗೆ ಈ ಭಯ ಸಹಜವೇ. ನಾವು ಅವನನ್ನು ಕಾಲುವೆಯ ಗುಂಟ ಕೊನೆಯ ಗದ್ದೆಗಳವರೆಗೆ ಕರೆದೊಯ್ದೆವು. ಅಲ್ಲಿ ಕಬ್ಬು ಮೊಣಕಾಲೆತ್ತರಕ್ಕೇ ಒಣಗಿ ನಿಂತಿದ್ದಿತು. ಅವನು ಬಹಳ ಹೊತ್ತು ಮಾತನಾಡಲಿಲ್ಲ.

ಈಗ ಅವನು ಬಸಿಗಾಲುವೆ ತೋಡಿಸಿದ್ದಾನೆ. ತರಗನ್ನು ಸುಡದೆ ಸಾಲುಗಳಲ್ಲಿ ಹೊದಿಸಿದ್ದಾನೆ. ಒಂದು ಎಕರೆಗೆ ಹನಿ ನೀರಾವರಿಯ ಕೊಳವೆಗಳನ್ನು ಹಾಕಿಸಿದ್ದಾನೆ. ಚೌಳು ಒಂದು ವರ್ಷಕ್ಕೆ ಹೋಗುವಂತಹುದಲ್ಲ. ಆದರೂ ಬರುವ ಸಂಕ್ರಾಂತಿಯ ಬೆಲ್ಲವನ್ನು ಆಷಾಢದವರೆಗೆ ಇರಿಸಿ ನೋಡಬೇಕೆಂದಿದ್ದೇವೆ.