ನಗರದ ಲೆಕ್ಕ ನಗರವಾಸಿಗಳಿಗೆ

ಮಹಾನಗರಪಾಲಿಕೆಯ ಸಭಾಗೃಹದಲ್ಲಿ ಏನು ನಡೆಯಿತೆಂಬುದನ್ನು, ಆ ಪಾಲಿಕೆಯ ಖರ್ಚನ್ನು ಹೊರುವ ಪೌರರು ತಿಳಿದುಕೊಳ್ಳುವ ಬಗೆ ಯಾವುದು? ಸಭಾಸದರು ಒಬ್ಬರ ಮೇಲೊಬ್ಬರು ಕೂಗಾಡಿದರೆ ಆ ಸುದ್ದಿ ಮರುದಿನ ಬೆಳಗಾಗುವಷ್ಟರಲ್ಲಿ ಊರೆಲ್ಲ ಹಬ್ಬಿರುತ್ತದೆ. ಅದೇ ಸಭೆಯಲ್ಲಿ ಹತ್ತು ನಿಮಿಷದೊಳಗೆ ಇಪ್ಪತ್ತು ಠರಾವುಗಳು ಚರ್ಚೆಯಿಲ್ಲದೆ ಪಾಸಾದರೆ ಅದು ಯಾರ ಕಿವಿಗೂ ಬೀಳುವುದಿಲ್ಲ. ಓಣಿಯ ಗಟಾರವನ್ನು ಅಗೆದು ಅರ್ಧಕ್ಕೇ ಬಿಟ್ಟುದೇಕೆ, ಬಿಲ್ಲಿನ ಹಣವೆಷ್ಟು ಸಂದಾಯವಾಯಿತು, ಮನೆಯ ಕರವನ್ನೇರಿಸುವ ಠರಾವಿಗೆ ತಮ್ಮ ವಾರ್ಡಿನ ಸದಸ್ಯರು ಕೈಯೆತ್ತಿದರೋ ಇಲ್ಲವೋ, ಇವನ್ನು ಅರಿಯಬೇಕೆಂಬ ಗೃಹಸ್ಥನು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಇಲ್ಲವೆ ಮಾಹಿತಿ ಹಕ್ಕಿನ ಅರ್ಜಿಯನ್ನು ಬರೆದುಕೊಟ್ಟು ಮೂವತ್ತು ದಿನ ಕಾಯಬೇಕು. ನಗರದ ಪ್ರಥಮ ಪ್ರಜೆಯೆನಿಸಿಕೊಂಡ ಮೇಯರರು ತಾವಾಗಿಯೇ ಪೌರರೆದುರು ನಿಂತು ಸಭೆಯ ಕಾರ್ಯವನ್ನು ನಿಯತವಾಗಿ ನಿವೇದಿಸುವ ಪದ್ಧತಿ ನಮ್ಮಲ್ಲಿ ಬೇರೂರಿಲ್ಲ.

ಮೇಯರರು ಮಾತನಾಡುವುದಿಲ್ಲವೆಂದು ನಾವು ಹೇಳುವುದಿಲ್ಲ. ಅಡಿಗಲ್ಲು ಸಮಾರಂಭಗಳಲ್ಲಿ ಅವರ ಭಾಷಣಗಳಾಗುತ್ತವೆ; ಹಬ್ಬಹರಿದಿನಗಳಲ್ಲಿ ಅವರ ಶುಭಾಶಯಗಳು ಫ್ಲೆಕ್ಸಿನ ಮೇಲೆ ರಾರಾಜಿಸುತ್ತವೆ. ಆದರೆ ಜಾಹೀರಾತು ಬೇರೆ, ವರದಿ ಬೇರೆ. ಆಗಲಿರುವುದನ್ನು ಕೊಂಡಾಡುವುದು ಜಾಹೀರಾತಿನ ಸ್ವಭಾವ. ಆಗಬೇಕಾಗಿದ್ದು ಏಕೆ ಆಗಲಿಲ್ಲವೆಂಬುದನ್ನೂ ಒಳಗೊಂಡಿದ್ದರೆ ಮಾತ್ರ ಅದು ವರದಿ. ಒಂದು ಕೆರೆಯ ಹೂಳೆತ್ತುವ ಕೆಲಸ ಆರಂಭವಾದ ದಿನ ಮೇಯರರ ಭಾವಚಿತ್ರವನ್ನು ಎಲ್ಲರೂ ನೋಡುವಂತೆ ಮಾಡುವವರು, ಆ ಕೆಲಸ ನಿಂತುಹೋದ ದಿನ ಅದರ ಕಾರಣವನ್ನು ಎರಡು ಸಾಲಿನಲ್ಲಿ ಬರೆದು ವಾರ್ಡ್ ಕಚೇರಿಯ ಬಾಗಿಲಿಗೆ ಅಂಟಿಸುವುದಿಲ್ಲವೇಕೆ?

ಇದು ನಮ್ಮ ದೇಶಕ್ಕೆ ಹೊಸತಾದ ವಿಚಾರವೇನಲ್ಲ. ಸುರೇಂದ್ರನಾಥ ಬ್ಯಾನರ್ಜಿಯವರು ಮಂತ್ರಿಗಳಾಗಿದ್ದಾಗ ತಂದ 1923ರ ಶಾಸನದಂತೆ, ಮರುವರ್ಷ ಕಲಕತ್ತೆಯಲ್ಲಿ ಚುನಾವಣೆ ನಡೆದು, ಸ್ವರಾಜ್ಯ ಪಕ್ಷವು ಗೆದ್ದು, ದೇಶಬಂಧು ಚಿತ್ತರಂಜನ ದಾಸರು ಆ ನಗರದ ಮೊದಲ ಮೇಯರರಾದರು. ಇಪ್ಪತ್ತೇಳು ವರ್ಷದ ಸುಭಾಷಚಂದ್ರ ಬೋಸರು ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯಾದರು. ಉಚಿತ ಪ್ರಾಥಮಿಕ ಶಿಕ್ಷಣ, ಬಡವರಿಗೆ ಉಚಿತ ವೈದ್ಯೋಪಚಾರ, ಕಲಬೆರಕೆಯಿಲ್ಲದ ಆಹಾರ ಮತ್ತು ಹಾಲು ಮೊದಲಾದ ಕಾರ್ಯಕ್ರಮವನ್ನು ದಾಸರು ಮುಂದಿಟ್ಟರು. ಅದರೊಂದಿಗೆ ಕಾರ್ಪೊರೇಷನ್ನಿನ ಕಾರ್ಯಕಲಾಪವನ್ನು ಪೌರರಿಗೆ ತಿಳಿಸಲು ಒಂದು ವಾರಪತ್ರಿಕೆಯೂ ಹುಟ್ಟಿತು. ಅದೇ ‘ಕಲ್ಕತ್ತಾ ಮ್ಯುನಿಸಿಪಲ್ ಗೆಜೆಟ್’. 1924ರ ನವೆಂಬರಿನಲ್ಲಿ, ಅಮಲ್ ಹೋಮರ ಸಂಪಾದಕತ್ವದಲ್ಲಿ ಅದು ಹೊರಬಿದ್ದಾಗ ಅದಕ್ಕೆ ಪ್ರೇರಕರಾದ ಸುಭಾಷಬಾಬುಗಳು ಬಂಧನದಲ್ಲಿದ್ದರು. ಅಕ್ಟೋಬರ್ 25ರಂದೇ ಸರಕಾರ ಅವರನ್ನು ಹಿಡಿದಿತ್ತು. ಮುಂದಿನ ಜೂನ್ 16ರಂದು ದಾಸರೂ ತೀರಿಕೊಂಡರು. ಗೆಜೆಟ್ಟು ನಿಲ್ಲಲಿಲ್ಲ. 1941ರಲ್ಲಿ ರವೀಂದ್ರನಾಥರು ನಿಧನರಾದಾಗ ಅದು ಹೊರತಂದ ಸ್ಮಾರಕ ಸಂಚಿಕೆಯನ್ನು ವಿದ್ವಾಂಸರು ಇಂದಿಗೂ ಹುಡುಕಿ ಓದುತ್ತಾರೆ. ಅದು ಇಂಗ್ಲಿಷಿನಲ್ಲಿದ್ದುದರಿಂದ ಬಡವಾಡೆಗಳ ಜನರಿಗೆ ತಲುಪಲಿಲ್ಲವೆಂಬ ಕೊರತೆ ದೊಡ್ಡದೇ. ಆದರೂ ಒಂದು ಮಾತನ್ನು ಗಮನಿಸಬೇಕು: ಹುಟ್ಟಿಸಿದವರಿಬ್ಬರಲ್ಲಿ ಒಬ್ಬರು ಸೆರೆಮನೆಗೂ ಮತ್ತೊಬ್ಬರು ಪರಲೋಕಕ್ಕೂ ಹೋದ ಮೇಲೂ ಆ ಪತ್ರಿಕೆ ವಾರವಾರ ಬರುತ್ತಿತ್ತು, ಏಕೆಂದರೆ ಅದು ವ್ಯಕ್ತಿಗೆ ಸೇರಿದ್ದಾಗಿರದೆ ಸಂಸ್ಥೆಗೆ ಸೇರಿದ್ದಾಗಿತ್ತು.

ಇದಕ್ಕೆ ಪ್ರತಿಯಾಗಿ ನ್ಯೂಯಾರ್ಕಿನ ಮೇಯರ್ ಲಾ ಗಾರ್ಡಿಯಾರವರನ್ನು ನೋಡಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ನಗರದ ಸ್ವಂತ ರೇಡಿಯೋ ನಿಲಯದಿಂದ ಪ್ರತಿ ಭಾನುವಾರ ಜನರೊಡನೆ ಮಾತನಾಡುತ್ತಿದ್ದರು. ತರಕಾರಿ, ಮೀನಿನ ಧಾರಣೆಯಿಂದ ಹಿಡಿದು ಜೂಜುಕೋರರ ಹಾವಳಿಯವರೆಗೆ ಎಲ್ಲವೂ ಅವರ ಮಾತಿಗೆ ವಸ್ತು. 1945ರ ಜುಲೈಯಲ್ಲಿ ಪತ್ರಿಕೆ ಹಂಚುವವರು ಮುಷ್ಕರ ಹೂಡಿದಾಗ ಮಕ್ಕಳಿಗೆ ಚಿತ್ರಕಥೆಗಳನ್ನೂ ಓದಿ ಹೇಳಿದರು. ಲೋಕವೆಲ್ಲ ಮೆಚ್ಚಿದ ಮೇಯರರು ಅವರು. ಆದರೆ ಆ ವರ್ಷದ ಕೊನೆಗೆ ಅವರು ಅಧಿಕಾರ ಬಿಟ್ಟಾಗ ಆ ಸಂಭಾಷಣೆಯೂ ಅವರೊಡನೆ ಮುಗಿಯಿತು.

ಈಗ ನಮ್ಮ ನಾಡಿಗೆ ಬರೋಣ. ಮಹಾನಗರಪಾಲಿಕೆಗಳ 1976ರ ಶಾಸನವು ಮೇಯರರಿಗೆ ಕೊಟ್ಟಿರುವುದು ಒಂದು ವರ್ಷದ ಅವಧಿ. ಹುಬ್ಬಳ್ಳಿ-ಧಾರವಾಡದಲ್ಲಿ 82 ವಾರ್ಡುಗಳಿಗೆ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರಿನಲ್ಲಿ. ಮೇಯರರ ಆಯ್ಕೆಯಾದದ್ದು 2022ರ ಮೇ ತಿಂಗಳ ಕೊನೆಗೆ. ಅದೇ ದಿನ ಮತ ಹಾಕಿದ ಬೆಳಗಾವಿಯವರು ತಮ್ಮ ಮೇಯರರಿಗಾಗಿ 2023ರ ಫೆಬ್ರವರಿಯವರೆಗೆ ಕಾಯಬೇಕಾಯಿತು. ಅಂದಿನಿಂದ 2025ರ ಜೂನಿನ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದಲ್ಲಿ ನಾಲ್ವರು ಮೇಯರರು ಆ ಪೀಠವನ್ನೇರಿದ್ದರು. ಒಬ್ಬರು ಕಡತಗಳ ಭಾಷೆಯನ್ನು ಕಲಿತು, ಮಲಪ್ರಭೆಯ ನೀರು ಸವದತ್ತಿಯಿಂದ ಬಂದು ಯಾವ ಓಣಿಯ ನಳದಲ್ಲಿ ಎಷ್ಟು ದಿನಕ್ಕೊಮ್ಮೆ ಇಳಿಯುತ್ತದೆಂಬ ಗುಟ್ಟನ್ನು ತಿಳಿಯುವಷ್ಟರಲ್ಲಿ ಅವರ ವರ್ಷ ಮುಗಿದಿರುತ್ತದೆ. ಇಂಥವರಿಂದ ಪೌರರು ಯಾವ ನಿವೇದನೆಯನ್ನು ನಿರೀಕ್ಷಿಸಬಹುದು?

ಅದಕ್ಕಿಂತಲೂ ಬಲವಾದ ತೊಡಕು ಇನ್ನೊಂದಿದೆ. ಶಾಸನದಂತೆ ಕಾರ್ಯಾಂಗದ ಅಧಿಕಾರವಿರುವುದು ಆಯುಕ್ತರಲ್ಲಿ; ಮೇಯರರದು ಸಭೆಯ ಅಧ್ಯಕ್ಷತೆ. ಆಯುಕ್ತರನ್ನು ನೇಮಿಸುವುದೂ ವರ್ಗಾಯಿಸುವುದೂ ರಾಜ್ಯ ಸರಕಾರ. ಹೀಗಾಗಿ, ಎಲ್ಲವನ್ನೂ ಬಲ್ಲವರಿಗೆ ಜನರೆದುರು ಹೇಳುವ ಹೊಣೆಯಿಲ್ಲ. ಹೇಳಬೇಕಾದವರ ಕೈಯಲ್ಲಿ ಕಡತವಿಲ್ಲ. ರಸ್ತೆಯ ತಗ್ಗಿನಲ್ಲಿ ಬಿದ್ದು ಗಾಯಗೊಂಡವನು ಮೇಯರರ ಬಳಿಗೆ ಹೋದರೆ ಅಧಿಕಾರಿಗಳು ಕೇಳುವುದಿಲ್ಲವೆಂಬ ಉತ್ತರ. ಅಧಿಕಾರಿಗಳ ಬಳಿಗೆ ಹೋದರೆ ಸಭೆಯಲ್ಲಿ ಇನ್ನೂ ಮಂಜೂರಾಗಿಲ್ಲವೆಂಬ ಉತ್ತರ. ಎರಡೂ ಉತ್ತರಗಳು ನಿಜವಾಗಿರಬಹುದೆಂಬುದೇ ಇದರಲ್ಲಿರುವ ವಿಪರ್ಯಾಸ.

ಆದುದರಿಂದ ಸಜ್ಜನ ಮೇಯರರು ದೊರೆಯಲೆಂದು ಹಾರೈಸಿ ಕುಳಿತರೆ ಸಾಲದು. ನಿವೇದನೆಯ ಹೊಣೆಯನ್ನು ಪೀಠಕ್ಕೇ ಕಟ್ಟಿಹಾಕಬೇಕೆಂಬುದು ನಮ್ಮ ಅಭಿಪ್ರಾಯ. ಲಂಡನ್ನಿನ ಮೇಯರರ ಅಧಿಕಾರವನ್ನು ರೂಪಿಸಿದ 1999ರ ಶಾಸನ ಇದನ್ನೇ ಮಾಡಿತು. ಮೇಯರರು ತಮ್ಮ ಮುಖ್ಯ ನಿರ್ಣಯಗಳನ್ನೂ ಅವುಗಳ ಕಾರಣಗಳನ್ನೂ ಆಗಾಗ ಲಿಖಿತವಾಗಿ ನಗರದ ಅಸೆಂಬ್ಲಿಗೆ ಒಪ್ಪಿಸಿ ಅಲ್ಲಿಯ ಪ್ರಶ್ನೆಗಳಿಗೆ ಉತ್ತರ ಕೊಡತಕ್ಕದ್ದು, ವರ್ಷಕ್ಕೊಂದು ವರದಿ ಪ್ರಕಟಿಸತಕ್ಕದ್ದು, ವರ್ಷದಲ್ಲಿ ಎರಡು ಸಲ ಸಾಮಾನ್ಯ ಜನರೆದುರು ನಿಂತು ಅವರ ಪ್ರಶ್ನೆಗಳಿಗೂ ಉತ್ತರಿಸತಕ್ಕದ್ದು ಎಂದು ಅದು ವಿಧಿಸಿತು. ಮೇಯರರ ಮನಸ್ಸಿಗೆ ಬಂದಂತೆ ನಡೆಯುವ ದರ್ಬಾರು ಅದಲ್ಲ.

ನಮ್ಮಲ್ಲಿಯೂ ಆಧಾರವಿಲ್ಲದಿಲ್ಲ. 1993ರ ಜೂನ್ 1ರಿಂದ ಜಾರಿಗೆ ಬಂದ 74ನೆಯ ಸಂವಿಧಾನ ತಿದ್ದುಪಡಿಯು ಮೂರು ಲಕ್ಷ ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡ್ ಸಮಿತಿಗಳಾಗಬೇಕೆಂದಿತು. 2005ರ ಮಾಹಿತಿ ಹಕ್ಕು ಶಾಸನದ ನಾಲ್ಕನೆಯ ಕಲಮು, ಯಾರೂ ಅರ್ಜಿ ಹಾಕದಿದ್ದರೂ ಸಾರ್ವಜನಿಕ ಸಂಸ್ಥೆಗಳು ತಮ್ಮ ವಿವರಗಳನ್ನು ತಾವೇ ಪ್ರಕಟಿಸಿ ವರ್ಷ ವರ್ಷವೂ ಹೊಸದುಮಾಡಬೇಕೆನ್ನುತ್ತದೆ. 2011ರಲ್ಲಿ ರಾಜ್ಯದ ಪಾಲಿಕೆ ಶಾಸನವೇ ತಿದ್ದುಪಡಿಯಾಗಿ ವಾರ್ಡ್ ಸಮಿತಿಗಳಿಗೂ ಏರಿಯಾ ಸಭೆಗಳಿಗೂ ಎಡೆಯಾಯಿತು. ಇನ್ನು ಬೇಕಾದದ್ದು ಸಣ್ಣದು: ಸಭೆಯಾದ ಒಂದು ವಾರದೊಳಗೆ ಠರಾವುಗಳು, ಮತ ಕೊಟ್ಟವರ ಹೆಸರುಗಳೊಡನೆ, ತಿಳಿಗನ್ನಡದಲ್ಲಿ ಪ್ರತಿ ವಾರ್ಡ್ ಕಚೇರಿಯಲ್ಲಿ ತೂಗಾಡಬೇಕು; ತಿಂಗಳಿಗೊಮ್ಮೆ ಮೇಯರರೂ ಆಯುಕ್ತರೂ ಒಂದೇ ಮೇಜಿನ ಹಿಂದೆ ಕುಳಿತು ಉತ್ತರಿಸಬೇಕು. ಇಬ್ಬರೂ ಜೊತೆಗಿರಬೇಕೆಂಬುದಕ್ಕೆ ನಾವು ಒತ್ತು ಕೊಡುತ್ತೇವೆ. ಒಬ್ಬರೇ ಬಂದರೆ ಬಾರದವರ ಮೇಲೆ ತಪ್ಪು ಹೊರಿಸುವ ಹಳೆಯ ಆಟವೇ ಮುಂದುವರಿಯುವುದು.

ಅಪೂರ್ಣ ಮಾಹಿತಿಯಿಂದ ಜನರು ಉದ್ರೇಕಗೊಳ್ಳುವರು, ಗುತ್ತಿಗೆದಾರರು ಕೋರ್ಟಿಗೆ ಹೋಗುವರು ಎಂಬ ಆಕ್ಷೇಪವನ್ನು ಅಧಿಕಾರಿಗಳಿಂದ ನಾವು ಕೇಳಿದ್ದೇವೆ. ಮಾಹಿತಿಯನ್ನು ಪೂರ್ಣವಾಗಿಯೇ ಕೊಡುವುದು ಅವರ ಕೈಯಲ್ಲಿಯೇ ಇದೆಯಲ್ಲ! ನೀರು ಆರು ದಿನ ತಡವಾಗುವುದೆಂದು ಮುಂಚೆಯೇ ಹೇಳಿದರೆ ಜನರು ಗೊಣಗುತ್ತಾರೆ, ಕೊಡ ತುಂಬಿಟ್ಟುಕೊಳ್ಳುತ್ತಾರೆ. ಹೇಳದಿದ್ದರೆ ರಸ್ತೆಯಲ್ಲಿ ಕೊಡಗಳ ಸಾಲು ನಿಲ್ಲುತ್ತದೆ.

ಕೊನೆಗೆ, ಮೇಯರರೇ ಇಲ್ಲದ ನಗರಗಳ ಮಾತು. ಬೆಂಗಳೂರಿನಲ್ಲಿ 198 ಸದಸ್ಯರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ರಂದು ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಅದರ ಸ್ಥಾನದಲ್ಲಿ ಐದು ಪಾಲಿಕೆಗಳನ್ನು ರಚಿಸುವವರೆಗೂ ಅಲ್ಲಿ ಚುನಾಯಿತ ಸಭೆ ಕೂಡಲೇ ಇಲ್ಲ. 2025-26ರ ಸುಮಾರು 19,900 ಕೋಟಿ ರೂಪಾಯಿಗಳ ಆಯವ್ಯಯವನ್ನು ಅಧಿಕಾರಿಗಳೇ ಮಂಡಿಸಿದರು. ಅದನ್ನು ಪ್ರಶ್ನಿಸಲು ಒಬ್ಬ ಸದಸ್ಯನೂ ಇರಲಿಲ್ಲ. ಮೈಸೂರಿನ ಸಭೆಯ ಅವಧಿಯೂ 2023ರ ನವೆಂಬರಿನಲ್ಲಿ ತೀರಿ ಕಾರಭಾರವು ಆಡಳಿತಾಧಿಕಾರಿಗಳ ಕೈಸೇರಿತು. ಇಂಥ ಕಾಲದಲ್ಲಿ ನಿವೇದನೆಯ ಕಟ್ಟಳೆಯು ಸಡಿಲವಾಗದೆ ಮತ್ತಷ್ಟು ಬಿಗಿಯಾಗಬೇಕು. ಶಾಸನಸಭೆಯು 1976ರ ಕಾಯಿದೆಯನ್ನು ತಿದ್ದುವಾಗ ಮೇಯರ್ ಎಂಬ ಶಬ್ದದ ಪಕ್ಕದಲ್ಲಿ ಆಡಳಿತಾಧಿಕಾರಿ ಎಂಬ ಶಬ್ದವನ್ನೂ ಸೇರಿಸಿ, ತಿಂಗಳ ಸಭೆಗೆ ಬಾರದವರ ಮೇಲೆ ಏನು ಕ್ರಮವೆಂಬುದನ್ನು ಅಲ್ಲಿಯೇ ಬರೆಯಲಿ.